ಗೆನ್ನಾಕ್ಕೆ ಇನ್ನೂ 13 ದಿನ ಇತ್ತು

2018ರ ಡಿಸೆಂಬರ್ 25, ಮಂಗಳವಾರ. ಇಥಿಯೋಪಿಯಾದ ಹವಾಸ್ಸಾದಲ್ಲಿ ನಮ್ಮ ಮೊದಲನೇ ಕ್ರಿಸ್‌ಮಸ್. ಬೆಳಿಗ್ಗೆ ಬೇಗ ಎದ್ದು ಮಕ್ಕಳ ಹೊಸ ಬಟ್ಟೆ ತೆಗೆದಿಟ್ಟೆ, ಇಟ್ಟ ಮೇಲೆ ನೆನಪಾಯ್ತು, ಇಬ್ಬರಿಗೂ ಸ್ಕೂಲಿದೆ. ಮನೆಯವರಿಗೂ ಬೈಬಲ್ ಕಾಲೇಜಲ್ಲಿ ಕ್ಲಾಸು. ಹೊರಗೆ ಬಜಾಜ್‌ಗಳು (ಆಟೋಗೆ ಅಲ್ಲಿ ಬಜಾಜ್ ಅಂತಲೇ ಹೆಸರು) ಎಂದಿನ ಹಾಗೆ ಓಡಾಡ್ತಿದ್ವು, ಕತ್ತೆಗಾಡೀಲಿ ನೀರಿನ ಕ್ಯಾನ್ ಹೋಗ್ತಿತ್ತು, ಅಷ್ಟೇ.

ಅಲ್ಲಿ ಕ್ರಿಸ್‌ಮಸ್ ಜನವರಿ 7ಕ್ಕೆ, ಗೆನ್ನಾ ಅಂತಾರೆ. ಅವರ ಕ್ಯಾಲೆಂಡರ್ರೇ ಬೇರೆ, 30 ದಿನದ 12 ತಿಂಗಳು ಆಮೇಲೆ ಕೊನೇಲಿ ಐದೋ ಆರೋ ದಿನದ 13ನೇ ತಿಂಗಳು, ನಮಗೆ 2018 ನಡೀತಿದ್ರೆ ಅವರಿಗೆ 2011. ಆರ್ಥಡಾಕ್ಸ್‌ನವರು ಮಾತ್ರ ಅಲ್ಲ, ನಾವು ಹೋಗ್ತಿದ್ದ ಪ್ರೊಟೆಸ್ಟೆಂಟ್ ಸಭೆಯವರೂ ಅವತ್ತೇ ಹಬ್ಬ ಮಾಡೋದು. ಇದೆಲ್ಲ ಬರೋ ಮುಂಚೆ ಓದಿ ತಿಳ್ಕೊಂಡಿದ್ದೆ. ಆದ್ರೂ ಕ್ರಿಸ್‌ಮಸ್ ಬೆಳಿಗ್ಗೆ ಮಗನಿಗೆ ಯೂನಿಫಾರ್ಮ್ ಹಾಕಿ ಬಾಗಿಲವರೆಗೂ ಬಂದಾಗ ಅವನು "ಇವತ್ತು ಯೇಸು ಹುಟ್ಟಿದ್ದು ಇವರಿಗೆ ಯಾರೂ ಹೇಳಿಲ್ವಾ ಅಮ್ಮಾ" ಅಂದಾಗ ನನಗೆ ಗಂಟಲು ಕಟ್ಟಿತು.

ಹಿಂದಿನ ರಾತ್ರಿ ಕರೆಂಟ್ ಇರಲಿಲ್ಲ. ಮೇಣದಬತ್ತಿ ಹಚ್ಚಿ ಮನೆಯವರು ಲೂಕನ ಎರಡನೇ ಅಧ್ಯಾಯ ಕನ್ನಡದಲ್ಲಿ ಓದಿದ್ರು, ಆಮೇಲೆ ನಾಲ್ಕೂ ಜನ ನೆಲದ ಮೇಲೆ ಕೂತು ಫೋರ್ಕಿನ ಬೆನ್ನ ಮೇಲೆ ಹಿಟ್ಟು ಒತ್ತಿ ಒತ್ತಿ ಕಲ್‌ಕಲ್ (ನಮ್ಮ ಕ್ರಿಸ್‌ಮಸ್ ತಿಂಡಿ) ಸುತ್ತಿದ್ವಿ. ಮೊಟ್ಟೆ, ಬೆಣ್ಣೆ, ಹಾಲು ಎಲ್ಲ ಹಾಕಿ ಕಲಸಿದ ಹಿಟ್ಟು. ಇದ್ದಿಲ ಒಲೆ ಮೇಲೆ ಕರಿದಿದ್ದು. ಅಮ್ಮ ಮಾಡ್ತಿದ್ದ ಹಾಗೇ ಬಂದಿತ್ತು, ಸುಳ್ಳಲ್ಲ.

ನಮ್ಮನೇಲಿ ಅಮ್ಮ ಕ್ರಿಸ್‌ಮಸ್ ದಿನ ಅಕ್ಕಪಕ್ಕದವರಿಗೆಲ್ಲ ತಟ್ಟೆ ಹಂಚಿ ಮುಗಿಸೋವರೆಗೂ ತಾನು ಒಂದು ಚೂರೂ ಬಾಯಿಗೆ ಹಾಕ್ತಿರಲಿಲ್ಲ. ನಾನೂ ಹಾಗೇ ತಟ್ಟೆಗೆ ಕಸೂತಿ ಬಟ್ಟೆ ಮುಚ್ಚಿ ಪಕ್ಕದ ಮನೆ ಎಮಾಮ ಹತ್ರ ಹೋದೆ. ಎಮಾಮ ಅಂದ್ರೆ ವಯಸ್ಸಾದ ಹೆಂಗಸರನ್ನ ಗೌರವದಿಂದ ಕರೆಯೋದು, ನಾವು ಅಜ್ಜಿ ಅನ್ನೋ ಹಾಗೆ. ಎರಡೂ ಕೈಲಿ ತಟ್ಟೆ ತಗೊಂಡ್ರು, ಬಟ್ಟೆ ಸರಿಸಿ ನೋಡಿದ್ರು, ಮೂಸಿದ್ರು, ಮೆಲ್ಲಗೆ ಕೇಳಿದ್ರು, "ಎಂಕುಲಾಲ್? ಕಿಬೆ?" ಮೊಟ್ಟೆ ಇದ್ಯಾ, ಬೆಣ್ಣೆ ಇದ್ಯಾ ಅಂತ. ನಾನು ಖುಷಿಯಿಂದ ಹೂಂ ಹೂಂ ಅಂತ ತಲೆ ಆಡಿಸಿದೆ. "ತ್ಸೋಮ್" ಅಂದ್ರು. ಉಪವಾಸ. ಬಟ್ಟೆ ಮತ್ತೆ ನೀಟಾಗಿ ಮುಚ್ಚಿ, ನನ್ನ ಕೆನ್ನೆ ಸವರಿ, ತಟ್ಟೆ ವಾಪಸ್ ಕೊಟ್ರು.

ಇನ್ನೆರಡು ಮನೇಲೂ ಅದೇ ಮಾತು.

ಗೆನ್ನಾಕ್ಕೆ ಮುಂಚೆ 40ಕ್ಕೂ ಹೆಚ್ಚು ದಿನ ಆರ್ಥಡಾಕ್ಸ್‌ನವರು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಮುಟ್ಟಲ್ಲ, ಎಷ್ಟೋ ಜನ ಮಧ್ಯಾಹ್ನದವರೆಗೂ ಊಟವನ್ನೇ ಮಾಡಲ್ಲ. ನವೆಂಬರ್ ಕೊನೇ ವಾರದಿಂದ ನಡೀತಾ ಇತ್ತು ಅದು, ನಮ್ಮ ಗೋಡೆಯ ಆಚೆಗೇ. ನಮ್ಮ ಬೀದಿಯ ಮಾಂಸದಂಗಡಿ ಮುಚ್ಚಿದ್ದನ್ನ ನೋಡಿದ್ದೆ, ಅಂಗಡಿಯವನು ಊರಿಗೆ ಹೋಗಿರಬೇಕು ಅಂದ್ಕೊಂಡು ಕೆರೆ ದಂಡೆಯಿಂದ ಮೀನು ತಂದಿದ್ದೆ. ದಿನಾ ಬೆಳಿಗ್ಗೆ ಎಮಾಮ ಬಿಳಿ ನೆಟೆಲಾ ಶಾಲು ಹೊದ್ದು ಚರ್ಚಿಗೆ ಹೋಗಿ ತಡವಾಗಿ ಬರೋದನ್ನೂ ನೋಡಿದ್ದೆ. ಜನರ ಮಧ್ಯೆ ಇರೋದೇ ಸೇವೆ ಅಂತ ಹೇಳ್ಕೊಂಡು ಬಂದವಳು ನಾನು, ಒಂದು ತಿಂಗಳು ಪಕ್ಕದ ಮನೆಯವರು ಹಸಿದಿರೋದು ನನಗೆ ಗೊತ್ತೇ ಆಗಲಿಲ್ಲ. ಅವತ್ತು ಅಡುಗೆಮನೇಲಿ ಕೂತು ತುಂಬ ಹೊತ್ತು ಅತ್ತೆ. ತಟ್ಟೆ ವಾಪಸ್ ಬಂದಿದ್ದಕ್ಕಲ್ಲ.

ಎರಡು ದಿನ ಬಿಟ್ಟು ಮತ್ತೆ ಮಾಡಿದೆ, ಬರೀ ಮೈದಾ, ಸಕ್ಕರೆ, ಎಣ್ಣೆ, ನೀರು, ಸ್ವಲ್ಪ ಎಳ್ಳು. ಗಟ್ಟಿಯಾಗಿ ಬಂತು. ಎಮಾಮ ಈ ಸಲ ಕೇಳಲೂ ಇಲ್ಲ, ನನ್ನ ಮುಖ ನೋಡಿ ಒಂದು ತಗೊಂಡು ಕಟುಂ ಅಂತ ಕಡಿದು ನಕ್ಕುಬಿಟ್ರು. ಸಂಜೆ ಅದೇ ತಟ್ಟೇಲಿ ಇಂಜೆರಾ (ಅವರ ಹುಳಿ ದೋಸೆ), ಮೇಲೆ ಬಿಸಿ ಬಿಸಿ ಶಿರೋ (ಕಡಲೆಹಿಟ್ಟಿನ ಗೊಜ್ಜು ಅನ್ನಬಹುದು) ಬಂತು. ಅಲ್ಲಿಂದ ಗೆನ್ನಾವರೆಗೆ ನಾನೂ ಮನೇಲಿ ಮೊಟ್ಟೆ ಒಡೀಲಿಲ್ಲ. ಯಾರೂ ಹೇಳಿರಲಿಲ್ಲ, ಮನಸ್ಸು ಬರಲಿಲ್ಲ.

ಜನವರಿ 6ರ ರಾತ್ರಿ ಗೋಡೆಯಾಚೆಯಿಂದ ಈರುಳ್ಳಿ ಬೇಯೋ ವಾಸನೆ, ಬೆರ್ಬೆರೆ ಮಸಾಲೆ ವಾಸನೆ. ಡೋರೋ ವಾಟ್ ಅಂದ್ರೆ ಕೋಳಿ ಸಾರು, ಆದ್ರೆ ಈರುಳ್ಳೀನ ಗಂಟೆಗಟ್ಟಲೆ ಬಾಡಿಸ್ತಾರೆ, ಕೋಳಿ 12 ತುಂಡು ಮಾಡ್ತಾರೆ, 12 ಬೇಯಿಸಿದ ಮೊಟ್ಟೆ ಹಾಕ್ತಾರೆ. ಮಾರನೇ ದಿನ ಆರು ಗಂಟೆಗೆ ಬನ್ನಿ ಅಂದಿದ್ರು, ಅಲ್ಲಿ ಸೂರ್ಯ ಹುಟ್ಟಿದ ಮೇಲೆ ಗಂಟೆ ಎಣಿಸೋದು, ಹಾಗಾಗಿ ನಮ್ಮ ಲೆಕ್ಕದಲ್ಲಿ ಮಧ್ಯಾಹ್ನ 12. ನಮ್ಮ ಸಭೆ ಆರಾಧನೆ ಮುಗಿಸಿ ಹೋದ್ವಿ. ನೆಲದ ತುಂಬ ಹಸಿ ಹುಲ್ಲು ಹಾಸಿದ್ರು. ಮಗಳು ಬಾಗಿಲಲ್ಲೇ ನಿಂತು "ಅಮ್ಮ, ಗೋದಲಿ" ಅಂದಳು. ಕಾಫಿ ಹುರಿಯೋ ಪಕ್ಕದಲ್ಲಿ ಕೆಂಡದ ಮೇಲೆ ಧೂಪ ಹೊಗೆಯಾಡ್ತಿತ್ತು, ಜ್ಞಾನಿಗಳು ತಂದಿದ್ದು ಇದೇನಾ ಅಂತ ಕೇಳಿದಳು, ಇಂಥದ್ದೇ ಅಂದೆ, ಆ ಮರ ಈ ದೇಶದಲ್ಲೂ ಬೆಳೆಯುತ್ತೆ ಅಂತ ಹೇಳಿದೆ. ಅವಳು ಅದರ ಪಕ್ಕದಿಂದ ಏಳಲೇ ಇಲ್ಲ.

ಒಂದೇ ದೊಡ್ಡ ತಟ್ಟೆ, ಸುತ್ತ ಎಲ್ಲರೂ. ಎಮಾಮ ಇಂಜೆರಾ ಹರಿದು ಸಾರಲ್ಲಿ ಸುತ್ತಿ ಮೊದಲು ನನ್ನ ಬಾಯಿಗೇ ಇಟ್ರು. ಗುರ್ಶಾ ಅಂತಾರೆ ಅದಕ್ಕೆ. ನಮ್ಮ ಕೈತುತ್ತು. ನನಗೆ ಕೈತುತ್ತು ತಿನ್ನಿಸಿ ಎಷ್ಟು ವರ್ಷ ಆಗಿತ್ತೋ, ಖಾರಕ್ಕೆ ಅಂತ ಕಣ್ಣು ಒರೆಸ್ಕೊಂಡೆ.

ಕಾಫಿ ಮೂರು ಸಲ, ಅಬೋಲ್, ತೋನಾ, ಬರಕಾ. ಬರಕಾ ಅಂದ್ರೆ ಆಶೀರ್ವಾದ, ಅದು ಕುಡೀದೆ ಏಳೋ ಹಾಗಿಲ್ಲ. ಮಗ ಅಷ್ಟರಲ್ಲಿ ಹೊರಗೆ ಹುಡುಗರ ಜೊತೆ ಬಗ್ಗಿದ ಕೋಲು ಹಿಡಿದು ಗೆನ್ನಾ ಆಟ ಆಡ್ತಿದ್ದ, ಹಾಕಿ ಥರದ ಆಟ, ಹಬ್ಬದ ಹೆಸರೇ ಅದಕ್ಕೂ. ಮೂರನೇ ಕಪ್ ಕೈಗೆ ಕೊಡ್ತಾ ಎಮಾಮ ನನ್ನ ಕಿವಿ ಹತ್ರ ಬಗ್ಗಿ ಕೇಳಿದ್ರು, ಆ ಮೊದಲನೇ ತಿಂಡಿ, ಎಂಕುಲಾಲ್ ಕಿಬೆ ಇದ್ದಿದ್ದು, ಇನ್ನೂ ಇದ್ಯಾ ಅಂತ.

ಅದು ಎಂದೋ ಮುಗಿದಿತ್ತು. ಮನೆಗೆ ಬಂದು ಸೀರೆ ಕೂಡ ಬದಲಾಯಿಸದೆ ಹಿಟ್ಟು ಕಲಸೋಕೆ ಕೂತೆ, ಅವರೂ ಹಿಂದೇನೇ ಬಂದು ಒಂದು ಫೋರ್ಕ್ ತಗೊಂಡ್ರು.