ಏಳರ ಲೆಕ್ಕ

ನನಗೆ ಸಿ++ ಬರೋದಿಲ್ಲ. ಓದಿದರೆ ಅಲ್ಲಲ್ಲಿ ಅರ್ಥವಾಗುತ್ತೆ, ಅಷ್ಟೇ. ಆದರೂ ಐದು ವರ್ಷದಿಂದ ಒಂದು ಓಪನ್ ಸೋರ್ಸ್ ಮಿಡಿ ಸೀಕ್ವೆನ್ಸರ್‌ಗೆ ರಿಲೀಸ್ ನೋಟ್ಸ್, ಅಂದರೆ ಹೊಸ ಆವೃತ್ತಿಯ ಟಿಪ್ಪಣಿ, ಬರೆಯೋದು, ಅದರ ಬಗ್ ಪಟ್ಟಿ ನೋಡಿಕೊಳ್ಳೋದು ನನ್ನ ಪಾಲಿನ ಕೆಲಸ. ಮಿಡಿ ಅಂದರೆ ವಾದ್ಯಗಳೂ ಕಂಪ್ಯೂಟರೂ ಸ್ವರಗಳ ಸಂದೇಶ ಕಳಿಸಿಕೊಳ್ಳುವ ಭಾಷೆ; ಆ ಸ್ವರಗಳನ್ನು ಸಾಲಾಗಿ ಜೋಡಿಸಿ ಹಾಡು ನುಡಿಸುವ ಪ್ರೋಗ್ರಾಮೇ ಸೀಕ್ವೆನ್ಸರ್. ಕೋಡ್ ಬರೆಯುವವರು ಮೂವರು. ಬರವಣಿಗೆ ಅಂದರೆ ಮೂವರಿಗೂ ತಲೆನೋವು. ಸಂಬಳವಿಲ್ಲದ ಕೆಲಸವಾದ್ದರಿಂದ ಯಾರೂ ನನ್ನ ಜಾಗಕ್ಕೆ ಪೈಪೋಟಿಗೆ ಬಂದಿಲ್ಲ.

ಬಗ್ ಪಟ್ಟಿಗೆ ಬರುವ ದೂರುಗಳು ಬಹುಪಾಲು ಕಿವಿಯ ಭಾಷೆಯಲ್ಲಿರುತ್ತವೆ. "ಹಾಡು ಯಾಕೋ ಮೇಲಿನ ಶ್ರುತಿಗೆ ಹೋಗಿದೆ, ಬೇಗ ಬೇರೆ ಮುಗಿಯುತ್ತೆ" ಅಂತ ಒಬ್ಬರು ಬರೆದಿದ್ದರು. ಎಷ್ಟು ಬೇಗ ಅಂತ ಕೇಳಿದೆ. ಮೂರು ನಿಮಿಷದ್ದು 2 ನಿಮಿಷ 45 ಸೆಕೆಂಡಿಗೇ ಮುಗಿಯುತ್ತೆ ಅಂದರು. ಕಾರಣ ಆ ಅಂಕಿಯಲ್ಲೇ ಇತ್ತು: 180 ಸೆಕೆಂಡನ್ನು 44,100ರಿಂದ ಗುಣಿಸಿ 48,000ದಿಂದ ಭಾಗಿಸಿದರೆ 165 ಚಿಲ್ಲರೆ ಬರುತ್ತೆ. ಸೆಕೆಂಡಿಗೆ 44,100 ಸ್ಯಾಂಪಲ್‌ನಂತೆ (ದನಿಯ ಒಂದೊಂದು ಅಳತೆಯೇ ಸ್ಯಾಂಪಲ್) ರೆಕಾರ್ಡ್ ಆಗಿದ್ದ ಫೈಲನ್ನು ನಮ್ಮ ಪ್ರೋಗ್ರಾಮ್ ಸೌಂಡ್ ಕಾರ್ಡಿನ 48,000ದ ಲೆಕ್ಕದಲ್ಲಿ ಹಾಗ್ಹಾಗೇ ಓಡಿಸುತ್ತಿತ್ತು. ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಏರುತ್ತೆ. ಇಷ್ಟು ಗೊತ್ತಾದ ಮೇಲೆ ಹಳೇ ಪಟ್ಟಿ ಕೆದಕಿದರೆ ಇದೇ ಬಗ್ ಇನ್ನೂ ಮೂರು ವೇಷದಲ್ಲಿ ಕೂತಿತ್ತು: "ಟೆಂಪೋ ತಪ್ಪು", "ಗಿಟಾರ್ ಶ್ರುತಿಗೆ ಕೂಡ್ತಿಲ್ಲ", "ದನಿ ಮಕ್ಕಳ ದನಿ ಥರ ಕೇಳುತ್ತೆ". ಮೂರನ್ನೂ ಒಂದಕ್ಕೆ ಕಟ್ಟಿ, ಶೀರ್ಷಿಕೆ ಬದಲಿಸಿದೆ. ಆದರೆ ದೂರು ಕೊಟ್ಟವರ ಮಾತುಗಳನ್ನು ಅಳಿಸಲಿಲ್ಲ. ನಾಳೆ ಇನ್ನೊಬ್ಬರು ಹುಡುಕೋದು "ಮಕ್ಕಳ ದನಿ" ಅಂತಲೇ ಹೊರತು "ಸ್ಯಾಂಪಲ್ ರೇಟ್" ಅಂತಲ್ಲ.

ಕೆಲವು ಬಗ್‌ಗಳು ಇಷ್ಟು ಆಟ ಆಡಿಸೋದಿಲ್ಲ. ಕೀಬೋರ್ಡಿನಿಂದ ಬೆರಳು ತೆಗೆದರೂ ಸ್ವರ ನಿಲ್ಲುತ್ತಿಲ್ಲ ಅಂದರೆ ನನ್ನ ಮೊದಲ ಅನುಮಾನ ಸೊನ್ನೆ ವೆಲಾಸಿಟಿಯ ಮೇಲೆ. ಕೀಲಿಯನ್ನು ಎಷ್ಟು ರಭಸದಿಂದ ಒತ್ತಿದರು ಅನ್ನೋ ಅಂಕಿ ಅದು. ಅನೇಕ ಕೀಬೋರ್ಡ್‌ಗಳು ಸ್ವರ ನಿಲ್ಲಿಸೋದಕ್ಕೆ ನೋಟ್ ಆಫ್ ಕಳಿಸೋದಿಲ್ಲ, ಸ್ವರ ಶುರು ಮಾಡುವ ನೋಟ್ ಆನ್ ಅನ್ನೇ ವೆಲಾಸಿಟಿ ಸೊನ್ನೆ ಇಟ್ಟು ಕಳಿಸುತ್ತವೆ. ಒಂದೇ ಜಾತಿಯ ಸಂದೇಶ ಸಾಲಾಗಿ ಬಂದರೆ ಜಾತಿ ಯಾವುದು ಅಂತ ಮತ್ತೆ ಮತ್ತೆ ಹೇಳಬೇಕಿಲ್ಲ, ಒಂದೊಂದು ಬೈಟ್ ಉಳಿಯುತ್ತೆ ಅನ್ನೋ ಜಾಣತನ ಅದು. 1983ರಲ್ಲಿ ಮಿಡಿ ಬಂದಾಗ ಸೆಕೆಂಡಿಗೆ 31,250 ಬಿಟ್ ಹೋಗುವ ತಂತಿಯಲ್ಲಿ ಒಂದು ಬೈಟೂ ದುಬಾರಿಯೇ. ಈಗಲೂ ಯಾರೋ ಹೊಸಬರು ಕೋಡ್ ತಿದ್ದುವಾಗ ಈ ನಿಯಮ ಮರೆಯುತ್ತಾರೆ, ಸ್ವರ ಕುಯ್ಯೋ ಅಂತ ಕೂಗುತ್ತಲೇ ಇರುತ್ತೆ.

ಇನ್ನು ನನ್ನ ತಪ್ಪಿನ ಕಥೆ.

ನಮ್ಮ ಸೀಕ್ವೆನ್ಸರ್‌ನಲ್ಲಿ ಒಂದು ಬೀಟಿಗೆ 480 ಟಿಕ್. ಟಿಕ್ ಅಂದರೆ ಅದು ಕಾಲ ಅಳೆಯುವ ಅತಿ ಚಿಕ್ಕ ತುಣುಕು. ಮೂರಾಗಿ ಒಡೆದರೆ 160, ಐದಾಗಿ ಒಡೆದರೆ 96, ತಕರಾರಿಲ್ಲ. ಏಳಾಗಿ ಒಡೆದರೆ, ಅಂದರೆ ಮಿಶ್ರ ನಡೆ ಬಂದರೆ, ತಲಾ 68.57. ಹಳೇ ಕೋಡ್ ದಶಾಂಶ ಕತ್ತರಿಸಿ 68 ಇಟ್ಟುಕೊಂಡು ಒಂದರ ಹಿಂದೆ ಒಂದು ಪೇರಿಸುತ್ತಿತ್ತು. ಏಳು 68 ಸೇರಿದರೆ 476. ಪ್ರತಿ ಬೀಟಿಗೂ ನಾಲ್ಕು ಟಿಕ್ ಕಡಿಮೆ. ಕೇಳಿದರೆ ಯಾರಿಗೂ ಗೊತ್ತಾಗೋದಿಲ್ಲ. 120ರ ಟೆಂಪೋದಲ್ಲಿ ನಾಲ್ಕು ಟಿಕ್ ಅಂದರೆ ನಾಲ್ಕು ಮಿಲಿಸೆಕೆಂಡಿಗೆ ಚೂರು ಜಾಸ್ತಿ. ಆದರೆ ನೂರು ಬೀಟ್ ಕಳೆಯುವಷ್ಟರಲ್ಲಿ ಆ ಟ್ರ್ಯಾಕ್ 400 ಟಿಕ್ ಮುಂದೆ ಓಡಿರುತ್ತೆ. ಪರಿಹಾರ ಸರಳವಾಗಿತ್ತು: ಪೇರಿಸೋದು ಬಿಟ್ಟು ಪ್ರತಿ ಸ್ವರದ ಜಾಗವನ್ನೂ ಬೀಟಿನ ಮೊದಲಿನಿಂದಲೇ ಅಳೆಯೋದು. 0, 69, 137, 206, 274, 343, 411. ಅಲ್ಲಿಂದ ಸರಿಯಾಗಿ 480ಕ್ಕೆ ಮುಂದಿನ ಬೀಟ್.

ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ ನಾನು ಬರೆದದ್ದು ಹೀಗೆ: "ಟಪ್ಲೆಟ್ ಅವಧಿಯ ಲೆಕ್ಕ ಸರಿಪಡಿಸಲಾಗಿದೆ." ಬೀಟನ್ನು ಹೀಗೆ ಮೂರು, ಐದು, ಏಳಾಗಿ ಒಡೆದ ಸ್ವರಗಳ ಗುಂಪೇ ಟಪ್ಲೆಟ್. ಕಮಿಟ್ ಸಂದೇಶದಿಂದ, ಅಂದರೆ ಕೋಡ್ ತಿದ್ದಿದವರು ತಿದ್ದುಪಡಿಯ ಜೊತೆ ಬರೆದಿಡುವ ಟಿಪ್ಪಣಿಯಿಂದ, ಎತ್ತಿದ ಸಾಲು. ರಾತ್ರಿ ಹನ್ನೊಂದೂವರೆ, ನಿದ್ದೆ ಬರ್ತಿತ್ತು ಅನ್ನೋದು ನೆಪ.

ಎರಡು ದಿನಕ್ಕೆ ಒಬ್ಬ ಬಳಕೆದಾರರು ಬರೆದರು: "ಹೊಸ ಆವೃತ್ತಿ ನನ್ನ ಹಾಡನ್ನು ಹಾಳು ಮಾಡಿದೆ." ಫೈಲ್ ತರಿಸಿಕೊಂಡು ನೋಡಿದೆ. 64 ಬಾರ್‌ಗಳ ಹಾಡು, ಬಾರಿಗೆ ನಾಲ್ಕು ಬೀಟ್, ಡ್ರಮ್ಸ್ ಪೂರ್ತಿ ಏಳರಲ್ಲಿ. ಹಳೇ ಬಗ್ ಅವರ ಕಿವಿಗೆ ಎಂದೋ ಸಿಕ್ಕಿತ್ತು. ದೂರು ಕೊಡುವ ಬದಲು ಒಂದೊಂದೇ ಬಾರ್‌ನ ಕೊನೆಗೆ 16 ಟಿಕ್ ವಿರಾಮ ಕೈಯಾರೆ ತುಂಬಿದ್ದರು. 60 ಬಾರ್‌ಗಳಿಗೆ ಹಾಗೆ ಮಾಡಿದ್ದರು! ನಾವು ಲೆಕ್ಕ ಸರಿ ಮಾಡಿದ ಕೂಡಲೇ ಅವರ ವಿರಾಮಗಳೆಲ್ಲ ಹೆಚ್ಚುವರಿಯಾದವು. 960 ಟಿಕ್, ಅಂದರೆ ಡ್ರಮ್ಸ್ ಎರಡು ಬೀಟ್ ಹಿಂದೆ.

ಗ್ನೂ ಯೋಜನೆಯ ಹಳೇ ಪದ್ಧತಿಯಲ್ಲಿ ಎರಡು ಬೇರೆ ಫೈಲುಗಳಿರುತ್ತವೆ. ಕೋಡಿನಲ್ಲಿ ಏನು ತಿದ್ದಿದರು ಅನ್ನೋದಕ್ಕೆ ಚೇಂಜ್‌ಲಾಗ್, ಬಳಸುವವರಿಗೆ ಏನು ಬದಲಾಯಿತು ಅನ್ನೋದಕ್ಕೆ ನ್ಯೂಸ್. ನಾನು ನ್ಯೂಸ್ ಜಾಗದಲ್ಲಿ ಚೇಂಜ್‌ಲಾಗ್ ಬರೆದಿದ್ದೆ. ಲಿಲಿಪಾಂಡ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ. ಪಠ್ಯವಾಗಿ ಬರೆದ ಸಂಗೀತವನ್ನು ಸ್ವರಲಿಪಿಯಾಗಿ ಮುದ್ರಿಸುವ ಪ್ರೋಗ್ರಾಮ್ ಅದು. ಹಾಗೆ ಬರೆಯುವ ಭಾಷೆಯ ವ್ಯಾಕರಣ ಬದಲಾದರೆ ಹಳೇ ಫೈಲುಗಳನ್ನು ಹೊಸ ಆವೃತ್ತಿಗೆ ತಿದ್ದಿಕೊಡೋಕೆ ಕನ್ವರ್ಟ್-ಎಲ್‌ವೈ ಅಂತ ಒಂದು ಸಾಧನವನ್ನೇ ಜೊತೆಗೆ ಕೊಡುತ್ತಾರೆ. ನಮ್ಮ ಮೂವರು ಡೆವಲಪರ್‌ಗಳಿಂದ ಅದನ್ನು ಕೇಳುವ ಧೈರ್ಯ ನನಗಿಲ್ಲ.

ಹೊರಬಂದ ಆವೃತ್ತಿಯ ಟಿಪ್ಪಣಿಯನ್ನು ಮತ್ತೆ ಮುಟ್ಟಬಾರದು ಅಂತ ಒಬ್ಬ ಡೆವಲಪರ್ ಆಕ್ಷೇಪಿಸಿದರು. ಮುಟ್ಟಿದೆ, ತಾರೀಕು ಹಾಕಿ. "ಒಂದು ಬೀಟಿನಲ್ಲಿ 7, 9 ಅಥವಾ 11 ಸ್ವರಗಳಿದ್ದರೆ ಆ ಟ್ರ್ಯಾಕ್ ಇಷ್ಟು ದಿನ ಉಳಿದವಕ್ಕಿಂತ ಚೂರು ಚೂರೇ ಮುಂದೆ ಓಡುತ್ತಿತ್ತು. ಇನ್ನು ಓಡುವುದಿಲ್ಲ. ಸರಿದೂಗಿಸಲು ನೀವೇ ವಿರಾಮ ಸೇರಿಸಿದ್ದರೆ ಅವನ್ನು ತೆಗೆಯಿರಿ." ಉದ್ದವಾಯಿತು ಅಂದರು. ಆಗಲಿ.

ಆ ಬಳಕೆದಾರರು ಒಂದು ಭಾನುವಾರ ಕೂತು 60 ವಿರಾಮಗಳನ್ನೂ ತೆಗೆದರು. ಹಾಡು ಸರಿಯಾಯಿತು ಅಂತ ತಿಳಿಸಿ, ಹಿಂದೆಯೇ ಹೊಸ ಬೇಡಿಕೆಯೊಂದನ್ನು ಹಾಕಿದ್ದಾರೆ. ಕೊನೆಯ ನಾಲ್ಕು ಬಾರ್‌ಗಳಿಗೆ ಅವರು ಆಗ ಬೇಕಂತಲೇ ವಿರಾಮ ತುಂಬಿರಲಿಲ್ಲವಂತೆ. ಡ್ರಮ್ಸ್ ಸುಮಾರು 67 ಮಿಲಿಸೆಕೆಂಡ್ ಮುಂದೋಡಿ, ಹಾಡು ಮುಗ್ಗರಿಸಿದ ಹಾಗೆ ಮುಗಿಯುತ್ತಿತ್ತು. ಅದು ಬೇಕಂತೆ. ಡೆವಲಪರ್‌ಗಳು ಇದನ್ನು ಮುಚ್ಚಿಬಿಡು ಅಂತಿದ್ದಾರೆ. ಎರಡೂ ಆವೃತ್ತಿಯ ಆಡಿಯೋ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಹಳೆಯದೇ ಚೆನ್ನಾಗಿದೆ. ಸದ್ಯಕ್ಕೆ ಮುಚ್ಚಿಲ್ಲ, ಲೇಬಲ್ ಜಾಗ ಖಾಲಿ ಬಿಟ್ಟಿದ್ದೇನೆ.