ಚಿಕ್ಕ ಹೈಬ್ರಿಡ್ ಕಾರು ನಿಮ್ಮ ದಾರಿಗೆ ಹೊಂದುತ್ತದೆಯೇ?

ಪೆಟ್ರೋಲ್ ಇಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರು ನೋಡಲು ಹೋದವರು ಮೊದಲು ಕೇಳುವುದು ಲೀಟರಿಗೆ ಎಷ್ಟು ಕೊಡುತ್ತದೆ ಅಂತ. ಬ್ರೋಷರ್‌ನಲ್ಲಿ ಒಂದು ಅಂಕಿ ಇದ್ದೇ ಇರುತ್ತದೆ, ಆದರೆ ಅದನ್ನು ನಂಬಿ ತೀರ್ಮಾನಕ್ಕೆ ಬರುವಂತಿಲ್ಲ. ಸಿಗ್ನಲ್‌ಗಳೇ ತುಂಬಿದ ಊರಿನಲ್ಲಿ ಬೆರಗಾಗುವಷ್ಟು ಪೆಟ್ರೋಲ್ ಉಳಿಸುವ ಕಾರು ನೇರ ಹೈವೇಯಲ್ಲಿ ಮಾಮೂಲಿ ಕಾರಿಗಿಂತ ಸ್ವಲ್ಪವೇ ಮುಂದಿರುತ್ತದೆ. ಐದು ನಿಮಿಷದ ಓಡಾಟದಲ್ಲಂತೂ ತನ್ನ ಗುಣ ತೋರಿಸುವ ಮೊದಲೇ ಮನೆ ತಲುಪಿರುತ್ತದೆ. ಕಾರನ್ನು ಅಳೆಯುವ ಮೊದಲು ನೀವು ದಿನಾ ಓಡಾಡುವ ದಾರಿಯನ್ನು ಅಳೆಯಬೇಕು.

ಅದಕ್ಕೂ ಮುಂಚೆ ಹೆಸರಿನ ಗೊಂದಲ ಬಗೆಹರಿಸಿಕೊಳ್ಳಿ. ಡಿಕ್ಕಿಯ ಮೇಲೆ ಹೈಬ್ರಿಡ್ ಅಂತ ಬರೆದಿದ್ದರೆ ಸಾಲದು. ಮೈಲ್ಡ್ ಹೈಬ್ರಿಡ್‌ಗಳಲ್ಲಿ ಇರುವುದು 12 ಅಥವಾ 48 ವೋಲ್ಟ್‌ನ ಚಿಕ್ಕ ವ್ಯವಸ್ಥೆ. ಬೆಲ್ಟ್‌ಗೆ ಕೂತ ಒಂದು ಸ್ಟಾರ್ಟರ್-ಜನರೇಟರ್ ಇಂಜಿನ್‌ಗೆ ಆಗಾಗ ಕೈಜೋಡಿಸುತ್ತದೆ, ಸಿಗ್ನಲ್‌ನಲ್ಲಿ ಆಫ್ ಆದ ಇಂಜಿನ್ನನ್ನು ನಯವಾಗಿ ಎಬ್ಬಿಸುತ್ತದೆ. ಬಹುಪಾಲು ಮೈಲ್ಡ್ ಕಾರುಗಳು ಮೋಟಾರ್ ಒಂದರಿಂದಲೇ ಚಲಿಸಲಾರವು. ಮೋಟಾರ್ ಒಂದರಿಂದಲೇ ಚಲಿಸಬಲ್ಲ ಸ್ಟ್ರಾಂಗ್ ಹೈಬ್ರಿಡ್ ಬೇರೆಯೇ ಜಾತಿ: ಟೊಯೊಟಾ ಯಾರಿಸ್ ಹೈಬ್ರಿಡ್, ಹೋಂಡಾ ಜಾಝ್ ಇ:ಎಚ್‌ಇವಿ, ರೆನೋ ಕ್ಲಿಯೋ ಇ-ಟೆಕ್ ಈ ಗುಂಪಿನವು. ಟ್ರಾಫಿಕ್‌ನಲ್ಲಿ ಬ್ರೇಕ್ ಬಿಟ್ಟಾಗ ಇಂಜಿನ್ ಆಫ್ ಇದ್ದಂತೆಯೇ ಗಾಡಿ ತೆವಳುತ್ತದೆಯೇ, ಆಕ್ಸಿಲರೇಟರ್ ಮೆಲ್ಲಗೆ ಒತ್ತಿದರೆ ಇಂಜಿನ್ ಏಳದೆ 30-40 ಕಿ.ಮೀ. ವೇಗ ಮುಟ್ಟುತ್ತದೆಯೇ ನೋಡಿ. ಮುಟ್ಟಿದರೆ ಸ್ಟ್ರಾಂಗ್. ಈ ಬರಹದ ಉಳಿದ ಮಾತೆಲ್ಲ ಅದರ ಬಗ್ಗೆಯೇ.

ಉಳಿತಾಯ ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಎಲ್ಲಿ ಬರುವುದಿಲ್ಲ ಅನ್ನುವುದೂ ತಾನಾಗಿ ತಿಳಿಯುತ್ತದೆ. ಸುಮಾರು 1,200 ಕಿಲೋ ತೂಕದ ಕಾರು 50 ಕಿ.ಮೀ. ವೇಗದಲ್ಲಿ ಹೋಗುವಾಗ ಅದರ ಚಲನೆಯಲ್ಲಿರುವ ಶಕ್ತಿ 0.032 ಕಿಲೋವ್ಯಾಟ್ ಅವರ್. ಪೆಟ್ರೋಲ್ ಲೆಕ್ಕದಲ್ಲಿ ಹೇಳಬೇಕೆಂದರೆ, ಅಷ್ಟು ವೇಗ ಹಿಡಿಯಲು ಮಾಮೂಲಿ ಇಂಜಿನ್ ಸುಮಾರು 12ರಿಂದ 15 ಮಿಲಿಲೀಟರ್ ಸುಡುತ್ತದೆ. ಮುಂದಿನ ಸಿಗ್ನಲ್‌ನಲ್ಲಿ ಬ್ರೇಕ್ ಹಾಕಿದರೆ ಅದೆಲ್ಲ ಪ್ಯಾಡ್ ಮತ್ತು ಡಿಸ್ಕ್‌ನಲ್ಲಿ ಬಿಸಿಯಾಗಿ ಹೋಯಿತು. ನಲವತ್ತು ಸಲ ಹೀಗಾದರೆ ಅರ್ಧ ಲೀಟರ್ ಮಾಯ. ಹೈಬ್ರಿಡ್‌ನಲ್ಲಿ ಮೋಟಾರೇ ಜನರೇಟರ್ ಆಗಿ ತಿರುಗಿ, ಅದರಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಮತ್ತೆ ಚಕ್ರಕ್ಕೆ ಮುಟ್ಟಿಸುತ್ತದೆ. ಜೊತೆಗೆ ನಿಂತಾಗ, ತೆವಳುವಾಗ ಇಂಜಿನ್ ಆಫ್. ಮೋಟಾರಿನ ಬೆಂಬಲ ಇರುವುದರಿಂದ ಇಂಜಿನ್ನನ್ನು ಆಟ್ಕಿನ್ಸನ್ ಕ್ರಮದಲ್ಲಿ ಓಡಿಸಬಹುದು: ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ, ಕೆಳ ಆರ್‌ಪಿಎಂನಲ್ಲಿ ಎಳೆತ ಕಡಿಮೆಯಾಗುತ್ತದೆ, ಪೆಟ್ರೋಲಿನ ಶಾಖದಲ್ಲಿ ಕೆಲಸಕ್ಕೆ ಬರುವ ಪಾಲು ಹೆಚ್ಚಾಗುತ್ತದೆ. ಆ ಎಳೆತದ ಕೊರತೆಯನ್ನು ಮೋಟಾರ್ ತುಂಬಿಕೊಡುತ್ತದೆ.

ಈಗ ಹೈವೇ. 100-110 ಕಿ.ಮೀ. ವೇಗದಲ್ಲಿ ಒಂದೇ ಸಮ ಹೋಗುವಾಗ ಬ್ರೇಕ್ ಇಲ್ಲ, ನಿಲುಗಡೆ ಇಲ್ಲ, ಹಿಂದಕ್ಕೆ ಪಡೆಯಲು ಏನೂ ಇಲ್ಲ. ಉಳಿಯುವುದು ಇಂಜಿನ್ನಿನ ಸ್ವಂತ ದಕ್ಷತೆ ಮಾತ್ರ. ಹೋಂಡಾದ ವ್ಯವಸ್ಥೆಯಲ್ಲಿ ಈ ವೇಗದಲ್ಲಿ ಒಂದು ಕ್ಲಚ್ ಕೂತು ಇಂಜಿನ್ ನೇರವಾಗಿ ಚಕ್ರಕ್ಕೆ ಜೋಡಿಸಿಕೊಳ್ಳುತ್ತದೆ. ಊರೊಳಗೆ ಅದೇ ಇಂಜಿನ್ ಬಹುಮಟ್ಟಿಗೆ ಜನರೇಟರ್ ತಿರುಗಿಸುತ್ತಿರುತ್ತದೆ. ಟೊಯೊಟಾದಲ್ಲಿ ಎರಡು ಮೋಟಾರ್ ಮತ್ತು ಇಂಜಿನ್ ಒಂದು ಪ್ಲಾನೆಟರಿ ಗೇರ್ ಸೆಟ್‌ನಲ್ಲಿ (ನಡುವಿನ ಹಲ್ಲುಚಕ್ರದ ಸುತ್ತ ಚಿಕ್ಕ ಹಲ್ಲುಚಕ್ರಗಳು ತಿರುಗುವ ಜೋಡಣೆ) ಸದಾ ಕೂಡಿಕೊಂಡೇ ಇರುತ್ತವೆ. ರೆನೋ ಹಲವು ಗೇರ್‌ಗಳ, ಕ್ಲಚ್ ಇಲ್ಲದ ಗೇರ್‌ಬಾಕ್ಸ್ ಇಟ್ಟಿದೆ.

ಏರಿನಲ್ಲಿ ಪೂರ್ತಿ ಒತ್ತಿದರೆ ಟೊಯೊಟಾ, ಹೋಂಡಾಗಳಲ್ಲಿ ಇಂಜಿನ್ ಒಂದೇ ಸಮನೆ ಅರಚುತ್ತದೆ, ವೇಗ ನಿಧಾನವಾಗಿ ಏರುತ್ತದೆ. ಅದು ಕೆಟ್ಟದ್ದರ ಸೂಚನೆಯಲ್ಲ, ಗಾಡಿಯ ಸ್ವಭಾವ. ಆದರೆ ದಿನಾ ಘಾಟಿ ಹತ್ತುವವರಿಗೆ ಈ ಸದ್ದು ಕಿರಿಕಿರಿಯೇ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇಳಿಜಾರಿನ ಬಗ್ಗೆ ಬಹಳ ಜನರಿಗೆ ತಪ್ಪು ನಿರೀಕ್ಷೆ ಇರುತ್ತದೆ. 2020ರ ಯಾರಿಸ್ ಹೈಬ್ರಿಡ್‌ನ ಬ್ಯಾಟರಿ ಸುಮಾರು 0.76 ಕಿಲೋವ್ಯಾಟ್ ಅವರ್. ಬಾಳಿಕೆಗಾಗಿ ಕಂಪ್ಯೂಟರ್ ಅದರಲ್ಲಿ ನಡುವಿನ ಅರ್ಧದಷ್ಟನ್ನೇ ಬಳಸುತ್ತದೆ. ಅದೇ 1,200 ಕಿಲೋ ಕಾರು 100 ಮೀಟರ್ ಎತ್ತರ ಇಳಿದರೆ 0.33 ಕಿಲೋವ್ಯಾಟ್ ಅವರ್ ಬಿಡುಗಡೆಯಾಗುತ್ತದೆ. ಟೈರು, ಗಾಳಿ, ಮೋಟಾರಿನ ನಷ್ಟ ಕಳೆದರೂ 150-200 ಮೀಟರ್ ಇಳಿಯುವಷ್ಟರಲ್ಲಿ ಬ್ಯಾಟರಿ ಭರ್ತಿ. ಉದ್ದ ಘಾಟಿಯಲ್ಲಿ ಅದಾದ ಮೇಲೆ ಹೆಚ್ಚಿನ ಭಾರ ಬ್ರೇಕ್ ಪ್ಯಾಡ್ ಮೇಲೆ. ಹಾಗಾಗಿ ಇಳಿಜಾರು ಶುರುವಾಗುವಾಗಲೇ ಲಿವರನ್ನು ಬಿ ಸ್ಥಾನಕ್ಕೆ ಹಾಕಿ. ಬ್ಯಾಟರಿ ತುಂಬಿದ ಮೇಲೆ ಪೆಟ್ರೋಲ್ ಸುಡದೆಯೇ ಇಂಜಿನ್ ಜೋರಾಗಿ ತಿರುಗಿ ಗಾಡಿಯನ್ನು ಹಿಡಿದಿಡುತ್ತದೆ. ಆಗ ಬರುವ ಗದ್ದಲ ಬೇಕಾದದ್ದೇ. ಸಮತಟ್ಟು ರಸ್ತೆಯಲ್ಲಿ ಮಾತ್ರ ಬಿ ಬೇಡ, ಸುಮ್ಮನೆ ಉಳಿತಾಯ ಕಡಿಮೆಯಾಗುತ್ತದೆ.

ಚಿಕ್ಕ ಓಡಾಟದ ಕತೆ ಬೇರೆ. ತಣ್ಣಗಿನ ಇಂಜಿನ್ ಎದ್ದ ಕೂಡಲೇ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗಬೇಕು, ಕೂಲೆಂಟ್ ಬೆಚ್ಚಗಾಗಬೇಕು. ಅಲ್ಲಿಯವರೆಗೆ, ಬ್ಯಾಟರಿ ಎಷ್ಟೇ ತುಂಬಿರಲಿ, ಇಂಜಿನ್ ಓಡುತ್ತಲೇ ಇರುತ್ತದೆ. ಚಳಿಯಲ್ಲಿ ಹೀಟರ್ ಹಾಕಿದರೆ ಇನ್ನೂ ಹೆಚ್ಚು ಹೊತ್ತು. ಎರಡು ಕಿ.ಮೀ. ದೂರದ ಅಂಗಡಿಗೆ ಹೋಗಿ ಬರುವುದೇ ನಿಮ್ಮ ಮುಖ್ಯ ಓಡಾಟವಾದರೆ ನೀವು ಹೈಬ್ರಿಡ್‌ಗೆ ಕೊಟ್ಟ ಹಣ ಹಿಂದಿರುಗುವುದು ಕಷ್ಟ. ಮೇಲಾಗಿ ಇಂಜಿನ್ ಪೂರ್ತಿ ಕಾಯದೆ ಮತ್ತೆ ಮತ್ತೆ ನಿಂತರೆ ಆಯಿಲ್‌ಗೆ ಪೆಟ್ರೋಲ್ ಮತ್ತು ತೇವ ಸೇರಿ ಅದು ತೆಳುವಾಗುತ್ತದೆ. ಇಂಥವರು ಆಯಿಲನ್ನು ಕಿ.ಮೀ. ನೋಡಿ ಬದಲಿಸದೆ ತಿಂಗಳ ಲೆಕ್ಕದಲ್ಲಿ ಬದಲಿಸಬೇಕು, ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಒಂದೇ ಸಮ ಓಡಿಸಬೇಕು.

ಹಣದ ಲೆಕ್ಕವನ್ನು ಲೀಟರಿನಲ್ಲಿ ಮಾಡಿ, ಎಲ್ಲಿದ್ದವರಿಗೂ ನಡೆಯುತ್ತದೆ. ವರ್ಷಕ್ಕೆ 12,000 ಕಿ.ಮೀ. ಅಂದುಕೊಳ್ಳಿ. ಊರಿನ ಟ್ರಾಫಿಕ್‌ನಲ್ಲಿ ಪೆಟ್ರೋಲ್ ಕಾರು ಲೀಟರಿಗೆ 16, ಹೈಬ್ರಿಡ್ 24 ಕೊಟ್ಟರೆ, 750 ಲೀಟರ್ ಹೋಗುವಲ್ಲಿ 500 ಸಾಕು, ಉಳಿದದ್ದು 250 ಲೀಟರ್. ಹೈವೇಯಲ್ಲಿ ಪೆಟ್ರೋಲ್ ಕಾರೇ 20 ಕೊಟ್ಟು ಹೈಬ್ರಿಡ್ 24ರಲ್ಲೇ ನಿಂತರೆ ಉಳಿತಾಯ ಬರೀ 100 ಲೀಟರ್. ಎರಡೂ ಕಾರುಗಳ ಬೆಲೆಯ ವ್ಯತ್ಯಾಸವನ್ನು ಒಂದು ಲೀಟರ್ ಪೆಟ್ರೋಲಿನ ಬೆಲೆಯಿಂದ ಭಾಗಿಸಿ, ಬಂದದ್ದನ್ನು ವರ್ಷದ ಉಳಿತಾಯದ ಲೀಟರ್‌ಗಳಿಂದ ಮತ್ತೆ ಭಾಗಿಸಿ. ಅಸಲು ಹಿಂದಿರುಗಲು ಬೇಕಾದ ವರ್ಷ ಸಿಗುತ್ತದೆ. ವಿಮೆಯ ವ್ಯತ್ಯಾಸ ಇದ್ದರೆ ಸೇರಿಸಿಕೊಳ್ಳಿ. ಅದು ನೀವು ಕಾರು ಇಟ್ಟುಕೊಳ್ಳುವ ಅವಧಿಗಿಂತ ಹೆಚ್ಚಾದರೆ, ಹಣ ಉಳಿಸಲು ಹೈಬ್ರಿಡ್ ಕೊಳ್ಳುತ್ತೇನೆ ಅನ್ನುವ ಮಾತು ನಿಲ್ಲುವುದಿಲ್ಲ. ಸದ್ದಿಲ್ಲದ ಓಟಕ್ಕಾಗಿ, ಕ್ಲಚ್ ತುಳಿಯುವ ಕಾಟ ತಪ್ಪಲಿ ಅಂತ ಕೊಳ್ಳುವುದಾದರೆ ಅದೂ ಒಳ್ಳೆಯ ಕಾರಣವೇ.

ಮೈಲೇಜ್ ಅಂಕಿ ಇನ್ನೊಂದು ರೀತಿಯಲ್ಲೂ ಮೋಸ ಮಾಡುತ್ತದೆ. 16ರಿಂದ 24ಕ್ಕೆ ಏರಿದಾಗ 250 ಲೀಟರ್ ಉಳಿಯಿತು. 24ರಿಂದ 32ಕ್ಕೆ ಏರಿದರೆ, ಅಷ್ಟೇ 8 ಹೆಚ್ಚಾದರೂ, ಉಳಿಯುವುದು 125 ಮಾತ್ರ. ಎರಡು ಹೈಬ್ರಿಡ್‌ಗಳ ನಡುವಿನ ಎರಡು-ಮೂರು ಕಿ.ಮೀ. ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವ ಬದಲು ಸೀಟು, ಬ್ರೇಕ್, ಡಿಕ್ಕಿ ನೋಡಿ ಆರಿಸಿಕೊಳ್ಳಿ.

ಟೆಸ್ಟ್ ಡ್ರೈವ್ ಅಂದರೆ ಶೋರೂಮಿನ ಸುತ್ತ ಹತ್ತು ನಿಮಿಷ ತಿರುಗುವುದಲ್ಲ. ಆ ಹೊತ್ತಿಗೆ ಇಂಜಿನ್ ಆಗಲೇ ಕಾದಿರುತ್ತದೆ, ಬ್ಯಾಟರಿ ತುಂಬಿರುತ್ತದೆ, ಗಾಡಿ ತನ್ನ ಒಳ್ಳೆಯ ಮುಖವನ್ನೇ ತೋರಿಸುತ್ತದೆ. ಬೆಳಗ್ಗೆ ಮೊದಲ ಗಾಡಿ ಕೇಳಿ. ಎಸಿಯನ್ನು ನೀವು ನಿತ್ಯ ಹಾಕುವ ಹಾಗೆ ಹಾಕಿ, ನಿಮ್ಮ ದಾರಿಯಲ್ಲೇ, ನಿಮ್ಮ ಮನೆಯವರನ್ನು ಕೂರಿಸಿಕೊಂಡು ಹೋಗಿ. ಕೊನೆಯ 10 ಕಿ.ಮೀ. ವೇಗದಿಂದ ನಿಲ್ಲುವ ಹಂತದಲ್ಲಿ ಬ್ರೇಕ್ ಹೇಗಿದೆ ಗಮನಿಸಿ: ಅಲ್ಲಿ ಮೋಟಾರಿನ ಹಿಡಿತ ಬಿಟ್ಟು ಪ್ಯಾಡ್ ಹಿಡಿಯುತ್ತದೆ, ಕೆಲವು ಕಾರುಗಳಲ್ಲಿ ಕಾಲಿಗೆ ಸಣ್ಣ ಜಗ್ಗು ಸಿಗುತ್ತದೆ. ಬಿಸಿಲಲ್ಲಿ ನಿಂತು ಎಸಿ ಓಡಿಸಿ. ಕಂಪ್ರೆಸರ್ ವಿದ್ಯುತ್ತಿನಿಂದ ನಡೆಯುವುದರಿಂದ ಇಂಜಿನ್ ಆಫ್ ಇದ್ದರೂ ತಂಪು ನಿಲ್ಲುವುದಿಲ್ಲ, ಬ್ಯಾಟರಿ ಇಳಿದಾಗ ಇಂಜಿನ್ ತಾನೇ ಎದ್ದು ತುಂಬಿಸಿ ಮತ್ತೆ ಮಲಗುತ್ತದೆ. 60ರಿಂದ 100ಕ್ಕೆ ಓವರ್‌ಟೇಕ್ ಮಾಡಿ ನೋಡಿ. ಹಿಂದಿನ ಸೀಟಿನಲ್ಲಿ ಕೂತು ನೋಡಿ, ಡಿಕ್ಕಿ ತೆರೆದು ಸ್ಟೆಪ್ನಿ ಇದೆಯೇ ಅಥವಾ ಬರೀ ಪಂಕ್ಚರ್ ಕಿಟ್ ಇದೆಯೇ ನೋಡಿ.

ಮೈಲೇಜ್ ಅಳೆಯಲು ಡ್ಯಾಶ್‌ಬೋರ್ಡಿನ ಅಂಕಿಗಿಂತ ಟ್ಯಾಂಕ್ ಲೆಕ್ಕ ವಾಸಿ. ಅದೇ ಬಂಕ್, ಮೊದಲ ಕ್ಲಿಕ್‌ಗೆ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮೂರು ಟ್ಯಾಂಕ್ ಒಟ್ಟಿಗೆ ಲೆಕ್ಕ ಹಾಕಿ. ಒಂದೇ ಟ್ಯಾಂಕಿನ ಲೆಕ್ಕ ಅರ್ಧ ಲೀಟರ್ ಆಚೀಚೆಯಾದರೂ ತಪ್ಪುತ್ತದೆ, ಚಿಕ್ಕ ಹೈಬ್ರಿಡ್‌ಗಳ ಟ್ಯಾಂಕೂ ಚಿಕ್ಕದು. ಯಾರಿಸ್ ಹೈಬ್ರಿಡ್‌ನದು 36 ಲೀಟರ್.

ಕೆಡುವುದೇನು? ಎಲ್ಲರ ಭಯ ದೊಡ್ಡ ಬ್ಯಾಟರಿಯ ಮೇಲೆ. ರಸ್ತೆಯಲ್ಲಿ ಕೈಕೊಡುವುದು ಹೆಚ್ಚಾಗಿ 12 ವೋಲ್ಟ್‌ನ ಚಿಕ್ಕದು. ಕಂಪ್ಯೂಟರ್‌ಗಳನ್ನು ಎಬ್ಬಿಸಿ ದೊಡ್ಡ ಬ್ಯಾಟರಿಯ ರಿಲೇ ಕೂಡಿಸುವುದು ಅದೇ. ಅದು ಸೊರಗಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪಗಳ ಜಾತ್ರೆ, ಗಾಡಿ ಹೊರಡಲು ಸಿದ್ಧ ಅಂತ ಹೇಳುವ ರೆಡಿ ದೀಪ ಮಾತ್ರ ಬರುವುದಿಲ್ಲ. ಸ್ಟಾರ್ಟರ್ ಮೋಟಾರ್ ಇಲ್ಲದ ಕಾರಿನಲ್ಲಿ, ಇಂಜಿನ್ ಎಳೆಯಲಾರದೆ ಒದ್ದಾಡುವ ಹಳೆಯ ಮುನ್ಸೂಚನೆಯೂ ಇರುವುದಿಲ್ಲ. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ವೋಲ್ಟ್ ಮೀಟರ್ ಇಟ್ಟರೆ 12.6ರ ಆಸುಪಾಸು ಬರಬೇಕು, 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿ ಪರೀಕ್ಷಿಸಿ. ವಾರಗಟ್ಟಲೆ ನಿಲ್ಲಿಸುವವರು ವಾರಕ್ಕೊಮ್ಮೆ ಅರ್ಧ ಗಂಟೆ ರೆಡಿಯಲ್ಲಿಡಿ, ಆದರೆ ಬಯಲಲ್ಲಿ. ಇಂಜಿನ್ ಯಾವಾಗ ಬೇಕಾದರೂ ತಾನೇ ಏಳುವುದರಿಂದ ಮುಚ್ಚಿದ ಗ್ಯಾರೇಜಿನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವಕ್ಕೇ ಅಪಾಯ. ಗಾಡಿ ಸದ್ದಿಲ್ಲದೆ ನಿಂತಿದೆ ಅಂತ ಆಫ್ ಮಾಡದೆ ಇಳಿಯುವುದೂ ಅದೇ ಕಾರಣಕ್ಕೆ ಕೂಡದು. ಸಿಗ್ನಲ್‌ನಲ್ಲಿ ಬಹಳ ಹೊತ್ತು ನ್ಯೂಟ್ರಲ್‌ನಲ್ಲಿ ಇಡಬೇಡಿ: ಟೊಯೊಟಾ ಬಗೆಯ ಕಾರುಗಳಲ್ಲಿ ನ್ಯೂಟ್ರಲ್‌ನಲ್ಲಿದ್ದಾಗ ಇಂಜಿನ್ ಓಡಿದರೂ ಬ್ಯಾಟರಿ ತುಂಬುವುದಿಲ್ಲ.

ದೊಡ್ಡ ಬ್ಯಾಟರಿಯನ್ನು ಕೊಲ್ಲುವುದು ಬಿಸಿ. ಹಲವು ಚಿಕ್ಕ ಹೈಬ್ರಿಡ್‌ಗಳಲ್ಲಿ ಹಿಂದಿನ ಸೀಟಿನ ಪಕ್ಕ ಒಂದು ಜಾಲರಿ ಇರುತ್ತದೆ. ಕ್ಯಾಬಿನ್‌ನ ತಂಪು ಗಾಳಿಯನ್ನು ಫ್ಯಾನ್ ಅಲ್ಲಿಂದ ಎಳೆದು ಬ್ಯಾಟರಿಗೆ ಊದುತ್ತದೆ. ಅದರ ಮೇಲೆ ಚೀಲ, ಹೊದಿಕೆ ಇಡಬೇಡಿ. ಧೂಳಿನ ದಾರಿ, ನಾಯಿ ಕೂರುವ ಸೀಟಾದರೆ ಆರು ತಿಂಗಳಿಗೊಮ್ಮೆ, ಗಾಡಿ ಆಫ್ ಮಾಡಿ, ಜಾಲರಿಯ ಕ್ಲಿಪ್ ಬಿಡಿಸಿ ಒಳಗಿನ ಫಿಲ್ಟರ್ ತೆಗೆದು ವ್ಯಾಕ್ಯೂಮ್ ಮಾಡಿ ವಾಪಸ್ ಹಾಕಿ. ಐದು ನಿಮಿಷದ ಕೆಲಸ. ಫ್ಯಾನ್ ಸದಾ ಜೋರಾಗಿ ಕೇಳಿಸುತ್ತಿದ್ದರೆ ಗಾಳಿ ದಾರಿ ಕಟ್ಟಿದೆ ಅಂತಲೇ ಹಿಡಿಯಿರಿ. ಇಂಜಿನ್ ಕೂಲೆಂಟ್ ಅಲ್ಲದೆ ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದಿಸಿಕೊಡುವ ಇನ್ವರ್ಟರ್‌ಗೆ ಪ್ರತ್ಯೇಕ ಕೂಲೆಂಟ್ ಡಬ್ಬಿ ಇದ್ದರೆ ಅದರ ಮಟ್ಟವನ್ನೂ ನೋಡಿ. ಸರ್ವಿಸ್‌ನಲ್ಲಿ ಅದನ್ನು ಮರೆಯುವವರೇ ಹೆಚ್ಚು. ಬ್ರೇಕ್ ಪ್ಯಾಡ್ ಬೇಗ ಸವೆಯುವುದಿಲ್ಲ, ಆದರೆ ಬಳಕೆ ಕಡಿಮೆಯಾದ್ದರಿಂದ ಡಿಸ್ಕ್ ತುಕ್ಕು ಹಿಡಿಯುತ್ತದೆ, ಕ್ಯಾಲಿಪರ್ ಪಿನ್ ಕಚ್ಚಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಆ ಪಿನ್‌ಗೆ ಗ್ರೀಸ್ ಹಚ್ಚಿಸಿ. ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ವೈರುಗಳಿಗೆ ನೀವೂ ಕೈ ಹಾಕಬೇಡಿ, ತರಬೇತಿ ಇಲ್ಲದ ಮೆಕ್ಯಾನಿಕ್‌ಗೂ ಬಿಡಬೇಡಿ. ಪೆಟ್ರೋಲ್ ಪೂರ್ತಿ ಮುಗಿಯಲು ಬಿಟ್ಟು ಬ್ಯಾಟರಿ ಮೇಲೆ ಮನೆ ಸೇರುವ ಸಾಹಸ ಬೇಡ; ಅದು ಬರಿದಾದರೆ ಮನೆಯ ಚಾರ್ಜರ್‌ನಿಂದ ತುಂಬಿಸಲಾಗುವುದಿಲ್ಲ. ಟೋ ಮಾಡಿಸುವುದಾದರೆ ಮುಂದಿನ ಚಕ್ರ ನೆಲ ಬಿಟ್ಟಿರಲಿ. ಉರುಳಿದರೆ ಮೋಟಾರ್ ತಿರುಗಿ ವಿದ್ಯುತ್ ಹುಟ್ಟುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಕೊನೆಯದಾಗಿ. 2012ರಲ್ಲಿ ಬಂದ ಮೊದಲ ಯಾರಿಸ್ ಹೈಬ್ರಿಡ್‌ನ ಬ್ಯಾಟರಿಯಲ್ಲಿ 7.2 ವೋಲ್ಟ್‌ನ 20 ನಿಕಲ್ ಮಾಡ್ಯೂಲ್‌ಗಳಿವೆ, ಒಟ್ಟು 144 ವೋಲ್ಟ್. ಒಂದು ಸೊರಗಿದರೂ ಇಡೀ ಪ್ಯಾಕ್ ಅದರ ಮಟ್ಟಕ್ಕೆ ಇಳಿಯುತ್ತದೆ. ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷದ ಕೋಡ್ ಓದಿದರಷ್ಟೇ ಸಾಲದು, ಮಾರುವವರು ಅದನ್ನು ಅಳಿಸಿರಬಹುದು. ಸ್ಕ್ಯಾನರ್ ಹಾಕಿಕೊಂಡು ಗಾಡಿ ಓಡಿಸಿ, ಜೋರಾಗಿ ಒತ್ತಿದಾಗ ಮತ್ತು ಬ್ರೇಕ್ ಹಾಕಿದಾಗ ಬ್ಲಾಕ್‌ಗಳ (ಮಾಡ್ಯೂಲ್‌ಗಳ ಗುಂಪುಗಳ) ವೋಲ್ಟೇಜ್ ನೋಡಿ. ಎಲ್ಲ ಒಟ್ಟಿಗೆ ಏರಿ ಇಳಿದರೆ ಸರಿ, ಒಂದೇ ಒಂದು ಪ್ರತಿ ಸಲ ಹೆಚ್ಚು ಕುಸಿದರೆ ಅದೇ ರೋಗಿ. ಚಾರ್ಜ್ ಸೂಚಕ ಒಂದೆರಡು ನಿಮಿಷದಲ್ಲಿ ತುದಿಯಿಂದ ತುದಿಗೆ ಜಿಗಿಯುವುದೂ ಕೆಟ್ಟ ಲಕ್ಷಣ. ಬ್ಯಾಟರಿ ವಾರಂಟಿ ಹಲವು ಕಡೆ 8 ವರ್ಷ ಅಥವಾ 1,60,000 ಕಿ.ಮೀ. ಇರುತ್ತದೆ, ಎಷ್ಟು ಬಾಕಿ ಇದೆ, ಹೊಸ ಮಾಲೀಕರಿಗೆ ವರ್ಗವಾಗುತ್ತದೆಯೇ ಅಂತ ಲಿಖಿತದಲ್ಲಿ ಕೇಳಿ. ಮಾರುವವರು ಸ್ಕ್ಯಾನರ್ ಹಾಕಲು ಬಿಡದಿದ್ದರೆ ಬೆಲೆ ಎಷ್ಟೇ ಇಳಿದರೂ ಆ ಗಾಡಿ ಬೇಡ.