'ಹವಳ ಬೆಳ್ಳಗಾಗ್ತಿದೆ, ಏನು ಹಾಕಲಿ?'

ಏನೂ ಹಾಕಬೇಡಿ. ಆತುರದಲ್ಲಿರುವವರು ಇಷ್ಟನ್ನೇ ಓದಿ ಹೋಗಬಹುದು.

ಉಪ್ಪುನೀರಿನ ಟ್ಯಾಂಕ್ ಇಟ್ಟವರಿಂದ ಬರುವ ಪ್ರಶ್ನೆಗಳೆಲ್ಲ ಒಂದೇ ಅಚ್ಚಿನವು. ಕಡುನೀಲಿ ಲೈಟಿನಲ್ಲಿ ತೆಗೆದ ಒಂದು ಫೋಟೊ, ಅದರ ಕೆಳಗೆ "ಪ್ಯಾರಾಮೀಟರ್ ಎಲ್ಲಾ ಪರ್ಫೆಕ್ಟ್ ಇದೆ, ಆದ್ರೂ ಹವಳ ಬೆಳ್ಳಗಾಗ್ತಿದೆ, ಏನು ಹಾಕಲಿ?" ಪರ್ಫೆಕ್ಟ್ ಅಂದರೆ ಎಷ್ಟು ಸ್ವಾಮಿ? ಆಲ್ಕಲಿನಿಟಿ (ಆಮ್ಲವನ್ನು ತಡೆಯುವ ನೀರಿನ ಶಕ್ತಿ) ಎಷ್ಟು, ನೈಟ್ರೇಟ್ ಎಷ್ಟು, ಅಳೆದದ್ದು ಯಾವಾಗ? ಇಷ್ಟು ಕೇಳಿದರೆ ಆ ಕಡೆ ಸದ್ದಿಲ್ಲ. ಇನ್ನು ಆ ನೀಲಿ ಫೋಟೊದಲ್ಲಿ ಬಿಳುಚಿದ್ದು ಯಾವುದು, ಸತ್ತದ್ದು ಯಾವುದು, ಬರೀ ಕಂದಾದದ್ದು ಯಾವುದು ಎಂದು ಯಾವ ಪಂಡಿತನಿಗೂ ಹೇಳಲಾಗದು.

ಬಿಳಿ ಟಾರ್ಚ್ ಹಿಡಿದು, ಪಂಪ್ ನಿಲ್ಲಿಸಿ, ಹತ್ತಿರದಿಂದ ನೋಡಿ. ಬೆಳ್ಳಗಾದ ಕಡೆ ಸಣ್ಣ ಪಾಲಿಪ್‌ಗಳು (ಹವಳವನ್ನು ಕಟ್ಟುವ ಹೂವಿನಂಥ ಪುಟ್ಟ ಜೀವಿಗಳು) ಇನ್ನೂ ಆಡುತ್ತಿದ್ದರೆ, ಸುಣ್ಣದ ಎಲುಬಿನ ಮೇಲೆ ಗಾಜಿನಂಥ ತೆಳು ಪೊರೆ ಇದ್ದರೆ, ಅದು ಬ್ಲೀಚಿಂಗ್. ಹವಳ ತನ್ನೊಳಗೆ ಸಾಕಿಕೊಂಡಿದ್ದ ಪಾಚಿಯನ್ನು ಹೊರಹಾಕಿದೆ, ಆದರೆ ಬದುಕಿದೆ. ಸಾಮಾನ್ಯವಾಗಿ ಕಾರಣ ಬಿಸಿ ಅಥವಾ ಒಮ್ಮೆಲೇ ಹೆಚ್ಚಾದ ಬೆಳಕು. ಪೊರೆಯೇ ಇಲ್ಲದೆ ಒರಟು ಎಲುಬು ಬಯಲಾಗಿದ್ದು, ಬಣ್ಣಕ್ಕೂ ಬಿಳಿಗೂ ನಡುವೆ ಗೆರೆ ಎಳೆದಂತಿದ್ದರೆ ಅಂಗಾಂಶ ಕಳಚುತ್ತಿದೆ ಎಂದರ್ಥ. ಬುಡದಿಂದ ನಿಧಾನವಾಗಿ ಏರುತ್ತಿದ್ದರೆ ಯೋಚಿಸಲು ಸಮಯವಿದೆ. ಕವಲೊಡೆದು ಬೆಳೆಯುವ ಹವಳ ಅಕ್ರೊಪೊರಾ ಒಂದೇ ದಿನದಲ್ಲಿ ಸುಲಿದುಹೋಗುತ್ತಿದ್ದರೆ ಯೋಚನೆ ಆಮೇಲೆ: ಗೆರೆಯಿಂದ ಒಂದೆರಡು ಸೆಂಟಿಮೀಟರ್ ಒಳಗೆ, ಬಣ್ಣವಿರುವ ಕಡೆಯೇ ಕತ್ತರಿಸಿ ತುಂಡುಗಳನ್ನು ಹೊಸ ಪ್ಲಗ್‌ಗೆ (ಹವಳ ಕೂರಿಸುವ ಪುಟ್ಟ ಬಿಲ್ಲೆ) ಅಂಟಿಸಿ. ಅಂದಹಾಗೆ, ಅಕ್ರೊಪೊರಾದ ತುದಿ ಮಾತ್ರ ಬೆಳ್ಳಗಿದ್ದು ಉಳಿದದ್ದು ಚೆನ್ನಾಗಿದ್ದರೆ ಅದು ಹೊಸ ಬೆಳವಣಿಗೆ. ಅದಕ್ಕೂ ಔಷಧಿ ಕೇಳುವವರಿದ್ದಾರೆ.

ನಿಜವಾಗಿ ಕೇಳಬೇಕಾದದ್ದು "ಏನು ಬದಲಾಯಿತು?" ಎಂದು. ಅದನ್ನು ಯಾರೂ ಕೇಳುವುದಿಲ್ಲ, ನಾನೇ ಕೇಳಿದರೆ "ಏನೂ ಬದಲಾಗಿಲ್ಲ" ಅನ್ನುತ್ತಾರೆ. ಕೆದಕಿದರೆ ಒಂದೊಂದೇ ಹೊರಬರುತ್ತದೆ. ಟಿ5 ಟ್ಯೂಬ್ ತೆಗೆದು ಎಲ್‌ಇಡಿ ಹಾಕಿದ್ದು. ಫಾಸ್ಫೇಟ್ ತೆಗೆಯುವ ಮಾಧ್ಯಮವನ್ನು ಒಂದೇ ಸಲ ಸುರಿದದ್ದು. ಮೀನಿಗೆ ಬಿಳಿಚುಕ್ಕೆ ರೋಗವೆಂದು ತಾಮ್ರದ ಔಷಧಿಯನ್ನು ಇದೇ ಟ್ಯಾಂಕಿಗೆ ಹಾಕಿದ್ದು. ತಾಮ್ರ ಹವಳಕ್ಕೂ ಸೀಗಡಿಗೂ ವಿಷ. ಪಂಪಿನ ಮ್ಯಾಗ್ನೆಟ್ ಸೀಳಿ ತುಕ್ಕು ಬಿಡುತ್ತಿರುವುದು. ಬೇರೆ ಕಂಪನಿಯ ಉಪ್ಪಿನ ಬಕೆಟ್. ಈ ಕೊನೆಯದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೆಲವು ಉಪ್ಪು ಕಲಸಿದಾಗ ಆಲ್ಕಲಿನಿಟಿ 7 ಡಿಕೆಎಚ್ (ಅದನ್ನು ಅಳೆಯುವ ಮಾನ) ಬರುತ್ತದೆ, ಕೆಲವು 11 ದಾಟುತ್ತವೆ. ಟ್ಯಾಂಕ್ 7.5ರಲ್ಲಿದ್ದಾಗ 11 ದಾಟಿದ ನೀರಿನಿಂದ ದೊಡ್ಡ ವಾಟರ್ ಚೇಂಜ್ ಮಾಡಿದರೆ, ಕಾಳಜಿಯಿಂದ ಮಾಡಿದ್ದೇ ಹವಳಕ್ಕೆ ಏಟು.

ಆಲ್ಕಲಿನಿಟಿ 8 ಇರಲಿ, 9 ಇರಲಿ, ಅದು ಅಲ್ಲೇ ನಿಲ್ಲಬೇಕು. ಮೂರು ದಿನ, ದಿನವೂ ಅದೇ ಹೊತ್ತಿಗೆ ಅಳೆದು ಬರೆದಿಡಿ. ಇಳಿಯುತ್ತಿದ್ದರೆ ದಿನಕ್ಕೆ ಎಷ್ಟು ಎಂಬುದು ಗೊತ್ತಾಗುತ್ತದೆ, ಅಷ್ಟನ್ನೇ ತುಂಬಿ. 100 ಲೀಟರ್ ನೀರಿಗೆ 1 ಡಿಕೆಎಚ್ ಏರಿಸಲು ಸುಮಾರು 3 ಗ್ರಾಂ ಅಡುಗೆ ಸೋಡಾ ಸಾಕು. ಆರ್‌ಒ ಯಂತ್ರದಲ್ಲಿ ಸೋಸಿದ ನೀರಿನಲ್ಲಿ ಕರಗಿಸಿ, ಹರಿವು ಜೋರಿರುವ ಕಡೆ ನಿಧಾನಕ್ಕೆ ಬಿಡಿ. ದಿನಕ್ಕೆ 1ಕ್ಕಿಂತ ಹೆಚ್ಚು ಏರಿಸಬೇಡಿ. ಲೀಟರ್ ಲೆಕ್ಕ ಹಾಕುವಾಗ ಕಲ್ಲು, ಮರಳು ಹಿಡಿದ ಜಾಗ ಕಳೆಯಿರಿ. 200 ಲೀಟರಿನ ಟ್ಯಾಂಕಿನಲ್ಲಿ 200 ಲೀಟರ್ ನೀರು ಇರುವುದೇ ಇಲ್ಲ.

ಉಪ್ಪಿನಂಶ ಸಾವಿರಕ್ಕೆ 35, ಅಂದರೆ 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ 1.026. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಸಾದಾ ನೀರಿನಿಂದ ಸೊನ್ನೆಗೆ ಹೊಂದಿಸಿ ನಂಬಬೇಡಿ. 35ರ ಕ್ಯಾಲಿಬ್ರೇಷನ್ ದ್ರಾವಣದಲ್ಲೇ ಹೊಂದಿಸಿ.

"ನನ್ನ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ" ಎಂದು ಎದೆಯುಬ್ಬಿಸುವವರೂ ಇದ್ದಾರೆ. ಹವಳಕ್ಕೆ ಅದು ಉಪವಾಸ. ಬಣ್ಣ ಮಾಸುತ್ತದೆ, ಆಮೇಲೆ ಮರಳಿನ ಮೇಲೆ ಗುಳ್ಳೆ ಹೊತ್ತ ಕಂದು ಲೋಳೆ ಬರುತ್ತದೆ, ಅದೇ ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ. ಇದರ ಜೊತೆ ಆಲ್ಕಲಿನಿಟಿಯೂ ಹೆಚ್ಚಿದ್ದರೆ ತುದಿಗಳು ಸುಡುತ್ತವೆ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಇದ್ದರೆ ಸುಮ್ಮನಿರಿ. ಅದಕ್ಕಿಂತ ಬಹಳ ಹೆಚ್ಚಾದರೆ ಹವಳ ಕಂದಾಗುತ್ತದೆ, ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೆ. ಕಂದು ಹವಳ ಸಾಯುತ್ತಿರುವ ಹವಳವಲ್ಲ.

ನೀರು ನಿಜಕ್ಕೂ ಸರಿಯಿದ್ದರೆ ಹುಳ ಹುಡುಕಿ. ಅಕ್ರೊಪೊರಾದ ಮೇಲೆ ದುಂಡನೆಯ ಮಾಸಲು ಕಲೆಗಳಿದ್ದರೆ ಚಪ್ಪಟೆ ಹುಳ ಕಚ್ಚಿದೆ. ತಟ್ಟೆಯಂತೆ ಬೆಳೆಯುವ ಹವಳ ಮಾಂಟಿಪೊರಾ ಅಂಚಿನಿಂದ, ಅಡಿಯಿಂದ ಸವೆಯುತ್ತಿದ್ದರೆ ತಟ್ಟೆಯನ್ನು ಮಗುಚಿ ನೋಡಿ, ಕೆಲವೇ ಮಿಲಿಮೀಟರಿನ ಬಿಳಿ ನೂಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು) ಸಿಗಬಹುದು. ಡಿಪ್ ಮಾಡಿದರೆ, ಅಂದರೆ ಹವಳವನ್ನು ಔಷಧಿ ನೀರಿನಲ್ಲಿ ಅದ್ದಿದರೆ, ದೊಡ್ಡ ಹುಳ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಮೊಟ್ಟೆಯನ್ನು ಬ್ಲೇಡಿನಿಂದ ಕೆರೆದು, ವಾರಕ್ಕೊಮ್ಮೆಯಂತೆ ಒಂದು ತಿಂಗಳಿಗೂ ಮೇಲ್ಪಟ್ಟು ಡಿಪ್ ಮುಂದುವರಿಸಬೇಕು. ಒಂದೇ ಡಿಪ್‌ಗೆ ಕೈತೊಳೆದುಕೊಂಡವರು ಮತ್ತೆ ಫೋಟೊ ಕಳಿಸುತ್ತಾರೆ.

ಯೂಫಿಲಿಯಾ ಗುಂಪಿನ ಟಾರ್ಚ್, ಹ್ಯಾಮರ್ ಎಂಬ ಹವಳಗಳಲ್ಲಿ ಕಂದು ಜೆಲ್ಲಿ ತೂಗಾಡುತ್ತಿದ್ದರೆ ಮಾತ್ರ ಕಾಯಬೇಡಿ. ಪಂಪ್ ನಿಲ್ಲಿಸಿ ಜೆಲ್ಲಿಯನ್ನು ಸೈಫನ್ ಮಾಡಿ, ಪೆಟ್ಟಾದ ತಲೆಯನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬೇರೆ ತೊಟ್ಟಿಗೆ ಹಾಕಿ. ನೀರಿನಲ್ಲಿ ಅಲ್ಲಾಡಿಸಿ ತೊಳೆದರೆ ಪಕ್ಕದ ತಲೆಗಳಿಗೂ ಹರಡುತ್ತದೆ. ಹವಳದ ಹತ್ತಿರದ ಸಂಬಂಧಿ ಜೊವಾಂಥಿಡ್ ಮುಟ್ಟುವಾಗ ಕೈಗವಸು, ಕನ್ನಡಕ ಇರಲಿ; ಅದು ಹತ್ತಿದ ಕಲ್ಲನ್ನು ಎಂದೂ ಕುದಿಸಬೇಡಿ. ಅದರಲ್ಲಿರುವ ಪ್ಯಾಲಿಟಾಕ್ಸಿನ್ ಎಂಬ ವಿಷ ಆವಿಯಲ್ಲಿ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರುವ ಮಾತು.

ಬ್ಲೀಚ್ ಆದದ್ದಕ್ಕೆ ಬೇಕಾದದ್ದು ನೆರಳು. ಲೈಟನ್ನು ಅರ್ಧಕ್ಕೆ ಇಳಿಸಿ, ಶಾಖವನ್ನು 25-26 ಡಿಗ್ರಿಯಲ್ಲಿ ನಿಲ್ಲಿಸಿ, ವಾರಕ್ಕೆರಡು ಬಾರಿ ಸಣ್ಣ ಆಹಾರ ಕೊಡಿ. ಬಣ್ಣ ಮರಳಲು ವಾರಗಳು ಹಿಡಿಯುತ್ತವೆ, ಕೆಲವೊಮ್ಮೆ ತಿಂಗಳುಗಳು. ಬಣ್ಣ ಬರತೊಡಗಿದ ಮೇಲೆ ವಾರಕ್ಕೆ ನೂರಕ್ಕೆ ಐದರಂತೆ ಬೆಳಕು ಏರಿಸಿ. ಬಯಲಾದ ಎಲುಬಿನ ಮೇಲೆ ಆಗಲೇ ಹಸಿರು ಪಾಚಿ ಕೂತಿದ್ದರೆ ಆ ಭಾಗ ಸತ್ತಿದೆ, ಅದಕ್ಕೆ ಏನು ಹಾಕಿದರೂ ಅಷ್ಟೆ.